ಗಾಯ ಕಟ್ಟುವವರ ಸರದಿ

ಅಮೆರಿಕದಲ್ಲಿ ಮೂಳೆ, ಮಿದುಳು ಅಥವಾ ಪ್ಲಾಸ್ಟಿಕ್ ಸರ್ಜರಿಯತ್ತ ಕಣ್ಣಿಟ್ಟ ವೈದ್ಯಕೀಯ ವಿದ್ಯಾರ್ಥಿಗಳು ಮೂರನೆಯ ವರ್ಷಕ್ಕೆ ಕಾಲಿಡುವಾಗಲೇ ಪೋಸ್ಟಿಂಗ್‌ಗಳ ಲೆಕ್ಕ ಹಾಕತೊಡಗುತ್ತಾರೆ. ಸರ್ಜರಿಯ ಸರದಿ ತೀರಾ ಮೊದಲು ಬಂದರೆ ವಾರ್ಡಿನ ಕೆಲಸ ಇನ್ನೂ ಕೈಗೆ ಹತ್ತಿರುವುದಿಲ್ಲ. ತೀರಾ ಕೊನೆಗೆ ಬಂದರೆ ಸರ್ಜರಿ ತರಬೇತಿಗೆ ಅರ್ಜಿ ಹಾಕುವ ಹೊತ್ತಿಗೆ ಶಿಫಾರಸು ಪತ್ರ ಸಿಕ್ಕಿರುವುದಿಲ್ಲ. ನಾಲ್ಕನೆಯ ವರ್ಷದ ಆರಂಭದಲ್ಲಿ ಪರವೂರಿನ ಆಸ್ಪತ್ರೆಗಳಲ್ಲಿ ಒಂದೊಂದು ತಿಂಗಳು ದುಡಿದು ಅಲ್ಲಿನ ಸರ್ಜನ್ನರ ಕಣ್ಣಿಗೆ ಬೀಳಬೇಕು. ಇದೆಲ್ಲ ಈಚಿನ ಪೈಪೋಟಿ ತಂದ ಕೆಡುಕು, ಹಿಂದೆ ಕಲಿಯುವವರು ಕಲಿಯಲೆಂದೇ ವಾರ್ಡಿಗೆ ಬರುತ್ತಿದ್ದರು ಎಂಬ ನಂಬಿಕೆ ಇದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಸರ್ಜನ್ನನ ಮಗ್ಗುಲಿನ ಜಾಗ ಹಿಂದಿನಿಂದಲೂ ಪಾಠಶಾಲೆಯಾಗಿತ್ತು, ಹೆಬ್ಬಾಗಿಲೂ ಆಗಿತ್ತು. ಬದಲಾಗುತ್ತ ಬಂದದ್ದು ಅಲ್ಲಿ ನಿಲ್ಲಲು ತೆರಬೇಕಾದ ಬೆಲೆ.

19ನೆಯ ಶತಮಾನದ ಆರಂಭದ ಲಂಡನ್ನಿಗೆ ಹೋಗೋಣ. ಗೈಸ್ ಆಸ್ಪತ್ರೆಯಲ್ಲಿ ಸಾಮಾನ್ಯ ವಿದ್ಯಾರ್ಥಿಗಳು ನೂಕುನುಗ್ಗಲಿನಲ್ಲಿ ಹಿಂದೆ ನಿಂತು ಶಸ್ತ್ರಕ್ರಿಯೆ ನೋಡುತ್ತಿದ್ದರು. ದುಡ್ಡು ಕೊಟ್ಟು ‘ಡ್ರೆಸರ್’ ಆದವನು ಮಾತ್ರ ಮುಂದೆ ನಿಲ್ಲುತ್ತಿದ್ದ. ಗಾಯ ಕಟ್ಟುವುದು, ಸರ್ಜನ್ನನ ಹಿಂದೆ ರೌಂಡ್ಸ್ ಹೋಗುವುದು, ತುರ್ತಾಗಿ ಬಂದವರನ್ನು ಮೊದಲು ನೋಡುವುದು ಅವನ ಪಾಲಿನ ಕೆಲಸ. ಕವಿ ಜಾನ್ ಕೀಟ್ಸ್ 1815ರ ಅಕ್ಟೋಬರಿನಲ್ಲಿ ಅಲ್ಲಿ ಹೆಸರು ನೋಂದಾಯಿಸಿ 1816ರ ಮಾರ್ಚಿನಲ್ಲಿ ಡ್ರೆಸರ್ ಆದ. ಆದರೆ ಅವನಿಗೆ ಸಿಕ್ಕಿದ್ದು ವಿಲಿಯಂ ಲೂಕಾಸ್, ಕೌಶಲಕ್ಕೆ ಹೆಸರಾದವನಲ್ಲ. ಯಾರ ಕೈಕೆಳಗೆ ಬಿದ್ದೆ ಎಂಬುದು ಅಂದೂ ಸಣ್ಣ ಮಾತಾಗಿರಲಿಲ್ಲ. ಆ ಕಾಲದ ಅತಿ ಪ್ರಸಿದ್ಧ ಸರ್ಜನ್ ಆಸ್ಲಿ ಕೂಪರ್ ಮೊದಲು ಶಿಷ್ಯನಾಗಿ ಸೇರಿದ್ದು ಅದೇ ಗೈಸ್‌ನಲ್ಲಿ ಸರ್ಜನ್ ಆಗಿದ್ದ ತನ್ನ ತಂದೆಯ ಸೋದರನ ಬಳಿ. ಮುಂದೆ ಅವನ ಅಣ್ಣನ ಮಗ ಬ್ರಾನ್ಸ್‌ಬಿ ಕೂಪರನೂ ಅಲ್ಲೇ ಸರ್ಜನ್ ಆದ. 1828ರಲ್ಲಿ ಈ ಬ್ರಾನ್ಸ್‌ಬಿ, ನುರಿತವರಿಗೆ ಕೆಲವೇ ನಿಮಿಷ ಸಾಕಾಗುವ ಮೂತ್ರಕೋಶದ ಕಲ್ಲಿನ ಶಸ್ತ್ರಕ್ರಿಯೆಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ತಡಕಾಡಿದ. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ರೋಗಿ ಎಚ್ಚರವಾಗಿಯೇ ಇದ್ದ, ಮರುದಿನ ಸತ್ತ. 1823ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಆರಂಭಿಸಿದ್ದ ಥಾಮಸ್ ವೇಕ್ಲಿ ಇದನ್ನು ಬಿಡಿಬಿಡಿಯಾಗಿ ಅಚ್ಚು ಹಾಕಿ, ನೆಂಟಸ್ತಿಕೆಯೇ ಇಂಥವನನ್ನು ಸರ್ಜನ್ ಮಾಡಿದ್ದು ಎಂದ. ಮಾನನಷ್ಟದ ಮೊಕದ್ದಮೆಯಲ್ಲಿ ವೇಕ್ಲಿ ಸೋತ. ಬ್ರಾನ್ಸ್‌ಬಿ ಕೇಳಿದ್ದು 2000 ಪೌಂಡ್, ಸಿಕ್ಕಿದ್ದು 100. ಬಾಗಿಲು ಕಾಯುವವರು ಬಂಧುಗಳನ್ನೇ ಒಳಗೆ ಬಿಟ್ಟರೆ ಅದರ ದಂಡ ತೆರುವವನು ಮೇಜಿನ ಮೇಲೆ ಮಲಗಿದ ರೋಗಿ ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ನನಗೆ ಕಾಣದು.

ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1893ರಲ್ಲಿ ವೈದ್ಯಕೀಯ ಶಾಲೆ ತೆರೆದಾಗ ಪ್ರಾಧ್ಯಾಪಕ ವಿಲಿಯಂ ಆಸ್ಲರ್ ವಿದ್ಯಾರ್ಥಿಗಳನ್ನು ಉಪನ್ಯಾಸದ ಬೆಂಚಿನಿಂದ ಎಬ್ಬಿಸಿ ರೋಗಿಯ ಹಾಸಿಗೆಯ ಬಳಿಗೆ ಕರೆದೊಯ್ದ. ಕೆಲವರು ದುಡ್ಡು ಕೊಟ್ಟು ಪಡೆಯುತ್ತಿದ್ದ ಜಾಗ ಅಲ್ಲಿ ಎಲ್ಲರ ಪಾಠದ ಭಾಗವಾಯಿತು. ಇಂದಿನ ಪೋಸ್ಟಿಂಗ್‌ಗಳ ಸರದಿ ಆ ಉದಾರತೆಯ ಮಗು. ಆದರೆ ಅದೇ ಕಟ್ಟಡದಲ್ಲಿ ವಿಲಿಯಂ ಹಾಲ್‌ಸ್ಟೆಡ್ ಸರ್ಜನ್ನರ ತರಬೇತಿಯನ್ನು ಗೋಪುರದಂತೆ ಕಟ್ಟಿದ. ಕೆಳಗೆ ಹಲವರು, ತುದಿಯಲ್ಲಿ ಒಬ್ಬ. ಎಷ್ಟು ವರ್ಷವಾದರೆ ಮೇಲೇರಬಹುದು ಎಂಬುದನ್ನು ನಿರ್ಧರಿಸುವವನು ಹಾಲ್‌ಸ್ಟೆಡ್ ಒಬ್ಬನೇ. ಮೂರು ದಶಕ ಮೀರಿದ ಕಾಲದಲ್ಲಿ ತುದಿ ಮುಟ್ಟಿದವರು 17 ಮಂದಿ. ಕಲಿಕೆ ಎಲ್ಲರಿಗೂ ತೆರೆಯಿತು, ಆಯ್ಕೆ ಒಬ್ಬನ ಕಣ್ಣಿನಲ್ಲೇ ಉಳಿಯಿತು. 1940ರ ದಶಕದಲ್ಲಿ ಆಸ್ಪತ್ರೆಗಳು ನಾ ಮುಂದು ತಾ ಮುಂದು ಎಂದು, ಓದು ಮುಗಿಯಲು ಎರಡು ವರ್ಷವಿರುವಾಗಲೇ ವಿದ್ಯಾರ್ಥಿಗಳನ್ನು ತರಬೇತಿಗೆ ಕಾದಿರಿಸತೊಡಗಿದವು. ಅದನ್ನು ಹದ್ದುಬಸ್ತಿಗೆ ತರಲು 1952ರಲ್ಲಿ, ಎರಡೂ ಕಡೆಯ ಇಷ್ಟದ ಪಟ್ಟಿಗಳನ್ನು ಹೊಂದಿಸುವ ‘ಮ್ಯಾಚ್’ ಪದ್ಧತಿ ಬಂತು. ಅದು ಕಾಲವನ್ನು ಸರಿಪಡಿಸಿತು. ಪಟ್ಟಿಯಲ್ಲಿ ಯಾರ ಹೆಸರು ಮೇಲಿರಬೇಕು ಎಂಬುದು ಮಾತ್ರ ಮತ್ತೆ ಕಂಡು ಬಲ್ಲವರ ಮಾತಿಗೇ ಬಂತು. 2022ರ ಜನವರಿಯಿಂದ ರಾಷ್ಟ್ರೀಯ ಪರವಾನಗಿ ಪರೀಕ್ಷೆಯ ಮೊದಲ ಹಂತಕ್ಕೆ ಅಂಕ ಕೊಡುವುದನ್ನೂ ನಿಲ್ಲಿಸಿ, ಪಾಸೋ ಫೇಲೋ ಎಂದಷ್ಟೇ ಹೇಳತೊಡಗಿದ ಮೇಲೆ ತೂಗಿ ನೋಡಲು ಇದ್ದ ಒಂದು ಅಳತೆಯೂ ಹೋಯಿತು.

ಕೈ, ತಾಳ್ಮೆ, ನಡುರಾತ್ರಿಯ ಸಿಡುಕು ಇವನ್ನು ಕಾಗದದಲ್ಲಿ ಅಳೆಯಲಾಗದು, ತಿಂಗಳು ಜೊತೆಗಿಟ್ಟುಕೊಂಡು ನೋಡುವುದೇ ಸರಿ ಎಂದು ಸರ್ಜನ್ನರು ಹೇಳುತ್ತಾರೆ. ಒಪ್ಪತಕ್ಕ ಮಾತು. ಆದರೆ ಹಾಗೆ ನೋಡಿಸಿಕೊಳ್ಳಲು ಪ್ರಯಾಣ, ಬಾಡಿಗೆ, ಅರ್ಜಿಯ ಶುಲ್ಕವನ್ನು ಸಾಮಾನ್ಯವಾಗಿ ವಿದ್ಯಾರ್ಥಿಯೇ ಭರಿಸಬೇಕು. ಡ್ರೆಸರ್ ಕೊಡುತ್ತಿದ್ದ ಕಾಣಿಕೆ ಬೇರೆ ವೇಷದಲ್ಲಿ ಮರಳಿದೆ. ಕೆಲವು ವಿಭಾಗಗಳು ಈಗ ಹೊರಗಿನಿಂದ ಬರುವ ಆಯ್ದ ವಿದ್ಯಾರ್ಥಿಗಳಿಗೆ ಭತ್ಯೆ ಕೊಡುತ್ತಿವೆ. ಅದು ಎಲ್ಲರಿಗೂ ಸಲ್ಲಬೇಕಾದದ್ದು.

ಹಾಗಾದರೆ ಪರೀಕ್ಷೆಯೇ ಸಾಕಲ್ಲ ಎಂಬ ವಾದವೂ ಹಳೆಯದೇ. ಪ್ಯಾರಿಸ್ 1802ರಲ್ಲೇ ಆಸ್ಪತ್ರೆಯ ಇಂಟರ್ನ್‌ಗಳನ್ನು ಸ್ಪರ್ಧಾ ಪರೀಕ್ಷೆಯಿಂದ ಆರಿಸತೊಡಗಿತು. ಪರೀಕ್ಷೆಯ ದಾರಿಯನ್ನು ಕೊನೆಯವರೆಗೂ ನಡೆದು ನೋಡಿದವರು ಭಾರತದ ನಾವು. ನಮ್ಮ ಕಡೆ ಇಂಟರ್ನ್‌ಗಳನ್ನು ಹೌಸ್ ಸರ್ಜನ್ ಎಂದು ಕರೆಯುವ ರೂಢಿ ಲಂಡನ್ನಿನ ಆ ಹಳೆಯ ಆಸ್ಪತ್ರೆಗಳಿಂದ ಬಂದದ್ದು. ಹೆಸರು ಉಳಿಯಿತು, ಅರ್ಥ ಸೋರಿತು. ಪಿಜಿ ಸೀಟು ನೀಟ್ ರ‍್ಯಾಂಕಿನ ಮೇಲೆ ನಿಂತಿರುವುದರಿಂದ, ಹನ್ನೆರಡು ತಿಂಗಳ ಕಡ್ಡಾಯ ಸರದಿಯಲ್ಲಿ ಎಷ್ಟೋ ಮಂದಿ ಹೌಸ್ ಸರ್ಜನ್‌ಗಳ ಮನಸ್ಸು ಪ್ರಶ್ನೆಗಳ ಪುಸ್ತಕದಲ್ಲಿರುತ್ತದೆ. ಅವರನ್ನು ದೂರುವುದು ಅನ್ಯಾಯ. ರಾತ್ರಿಯೆಲ್ಲ ಎಚ್ಚರವಿದ್ದು ಅಚ್ಚುಕಟ್ಟಾಗಿ ಹೊಲಿಗೆ ಹಾಕಿದ ಕೈಗೆ ಆ ರ‍್ಯಾಂಕಿನಲ್ಲಿ ಒಂದಂಕವೂ ಸೇರುವುದಿಲ್ಲ.