ಬಾರಕೂರಿನ ಕೇರಿ, ನಮ್ಮ ಕೇರಿ

ನಮ್ಮ ಶಿರೂರಿನಿಂದ ತೆಂಕಿಗೆ ಹೊರಟು ಕುಂದಾಪುರ ದಾಟಿ ಒಳಕ್ಕೆ ಹೋದರೆ ಬಾರಕೂರು. ಆಳುಪರ ರಾಜಧಾನಿ, ಮುಂದೆ ವಿಜಯನಗರದ ಬಾರಕೂರು ರಾಜ್ಯದ ಕೇಂದ್ರ. ಕೋಟೆ ಕುಸಿದಿದೆ, ಪಟ್ಟಣದ ಹಳೆಯ ವಿನ್ಯಾಸ ಮಾತ್ರ ಅಳಿದಿಲ್ಲ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಭಂಡಾರಕೇರಿ ಅಂತ ಜನ ಇವತ್ತಿಗೂ ದಾರಿ ಹೇಳ್ತಾರೆ.

ನನ್ನನ್ನು ತಡೆದು ನಿಲ್ಲಿಸಿದ್ದು ಈ ‘ಕೇರಿ’ ಎಂಬ ಮಾತು. ದಲಿತ ಸಾಹಿತ್ಯ ಓದಿದ ನಮಗೆ ಕೇರಿ ಅಂದರೆ ಊರಾಚೆಯ ಹೊಲಗೇರಿ. ಬಾರಕೂರಿನ ಶಾಸನಗಳ ಕೇರಿ ಬೇರೆಯೇ. ಅಲ್ಲಿದ್ದವರು ವರ್ತಕರು. ಅವರ ‘ಹಲರು’ ಎಂಬ ಕೂಟ ದತ್ತಿ ಕಾಯುತ್ತಿತ್ತು, ಕಲ್ಲಿನ ಮೇಲೆ ಹೆಸರು ಪಡೆಯಿತು. ದಾನದ ಅಕ್ಕಿ ಎಷ್ಟು, ಬಾರಕೂರು ಗದ್ಯಾಣ ಎಷ್ಟು ಎಂಬ ಲೆಕ್ಕವೂ ಕಲ್ಲಿನಲ್ಲಿದೆ. ಆ ಅಕ್ಕಿ ಬೆಳೆದವರ ಹೆಸರು ನಾನು ಓದಿದ ಶಾಸನಗಳಲ್ಲಿ ಕಾಣಲಿಲ್ಲ. ನಮ್ಮ ಚರಿತ್ರಕಾರರು ಪಟ್ಟಣವನ್ನು ಮತ್ತೆ ಕಟ್ಟಿಕೊಟ್ಟದ್ದು ಈ ಕಲ್ಲುಗಳಿಂದಲೇ.

ಈ ಕರಾವಳಿಯಲ್ಲಿ ಭೂಮಿಯ ಜತೆಗೇ ಕಟ್ಟುಬಿದ್ದ ‘ಮೂಲದ ಆಳು’ಗಳಿದ್ದರು. 1801ರಲ್ಲಿ ಇಲ್ಲಿ ಹಾದುಹೋದ ಬುಕಾನನ್ ಜೀತದಾಳುಗಳ ಬಗ್ಗೆ ಬರೆದಿಟ್ಟ. 1843ರ ಕಾಯಿದೆ ಗುಲಾಮಗಿರಿಗಿದ್ದ ಕಾನೂನಿನ ಮನ್ನಣೆ ತೆಗೆಯಿತು. ಮೂಲದ ಕಟ್ಟು ಅಷ್ಟಕ್ಕೇ ಬಿಚ್ಚಲಿಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಒಡೆಯರಾದರು. ಆಳಿನ ಕೈಯಲ್ಲಿ ಗೇಣಿಚೀಟಿ ಎಲ್ಲಿತ್ತು? ದಾಖಲೆಯಲ್ಲಿ ಹೆಸರಿಲ್ಲದ ಹೆಚ್ಚಿನವರಿಗೆ ಭೂಮಿಯೂ ಸಿಗಲಿಲ್ಲ.

ಬರವಣಿಗೆ ಇಲ್ಲದಿದ್ದರೆ ಬಾಯಿಮಾತಾದರೂ ಇದೆಯಲ್ಲ ಅನ್ನಬಹುದು. ಅಲ್ಲಿಯೂ ಎರಡು ತಕ್ಕಡಿ. ಬಾರಕೂರಿನ ಭೂತಾಳಪಾಂಡ್ಯನ ಐತಿಹ್ಯ ಅಳಿಯಸಂತಾನದ ಕಟ್ಟುಕಟ್ಟಳೆಯಾಗಿ 19ನೆಯ ಶತಮಾನದಲ್ಲಿ ಮದ್ರಾಸಿನ ಕೋರ್ಟಿನವರೆಗೂ ಹೋಯಿತು. ಆಸ್ತಿಯ ವ್ಯಾಜ್ಯದಲ್ಲಿ ಅದನ್ನು ಉಲ್ಲೇಖಿಸಿದರು. ಕೊರಗರದೂ ಒಂದು ಕತೆ ಇದೆ: ಹುಬಾಶಿಕನೆಂಬ ಅರಸನ ಕಾಲದಲ್ಲಿ ಅವರು ಈ ನಾಡಿನ ಆಳುವವರು, ಆಮೇಲೆ ಕಾಡಿಗಟ್ಟಲ್ಪಟ್ಟವರು. 1909ರ ಥರ್ಸ್ಟನ್ನನ ಸಂಪುಟಗಳಲ್ಲಿ ಅದು ಅಚ್ಚಾಗಿದೆ. ಅದರ ಆಧಾರದ ಮೇಲೆ ಒಂದು ಗೇಣು ನೆಲ ಕೇಳಿದರೆ ಯಾರು ಕೊಡ್ತಾರೆ? ಕೊರಗರನ್ನು ಅವಮಾನಿಸುವ ಅಜಲು ಪದ್ಧತಿ ನಿಲ್ಲಿಸಲಿಕ್ಕೇ 2000ದ ಕಾಯಿದೆ ಬರಬೇಕಾಯಿತು.

ಬಾರಕೂರಿನ ಕಲ್ಲು, ಕಂದಕ, ಬಸದಿ ಉಳಿಯಲಿ, ನನ್ನ ತಕರಾರಿಲ್ಲ. ಆದರೆ ಪಟ್ಟಣದ ನಕ್ಷೆಯನ್ನು ಕೋಟೆಗೋಡೆಯ ಹತ್ತಿರ ನಿಲ್ಲಿಸಬೇಡಿ. ಗೋಡೆಯಾಚೆಯ ಗದ್ದೆ, ಕೊರಗರ ಕೊಪ್ಪ, ಹೊಲಗೇರಿಗಳನ್ನೂ ಅದರಲ್ಲಿ ಗುರುತಿಸಬೇಕು. ಯಾವ ಗದ್ದೆಗೆ ಯಾರ ಮನೆಯವರು ಮೂಲದಾಳಾಗಿದ್ದರು ಅಂತ ಬಲ್ಲ ಹಿರಿಯರು ಇನ್ನೂ ಇದ್ದಾರೆ. ನಮ್ಮ ವಿದ್ಯಾರ್ಥಿಗಳು ಮೊದಲು ಅವರ ಹತ್ತಿರ ಹೋಗಲಿ.