ಹಾಳು ವಾಡೆಯ ದೆವ್ವವೂ ಸನ್ನತಿಯ ಕಲ್ಲೂ



ದೆವ್ವಗಳಿವೆಯೆಂದು ಹೆಸರಾದ ಹಳೆಯ ಕಟ್ಟಡಗಳಲ್ಲಿ ಒಂದು ರಾತ್ರಿ ಕಳೆದು, ಕಂಡು ಕೇಳಿದ್ದನ್ನು ಬೆಳಗಾದ ಮೇಲೆ ಊರಿಗೆಲ್ಲ ಸಾರುವುದು ಈಗಿನ ತರುಣರಿಗೊಂದು ಹವ್ಯಾಸವಾಗಿದೆ. ನನ್ನಲ್ಲಿ ಕಲಿತು ಈಗ ಪುಣೆ, ಬೆಂಗಳೂರುಗಳಲ್ಲಿ ನೌಕರಿ ಮಾಡುತ್ತಿರುವ ಕೆಲವರು, “ಸರ್, ಸನ್ನತಿ ಕಡಿ ಹಾಳು ದಿಬ್ಬದಾಗ ಒಂದು ರಾತ್ರಿ ಇದ್ದು ನೋಡೋಣೇನ್ರಿ?” ಎಂದು ಕೇಳಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಇಲ್ಲಿಯೇ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಇತಿಹಾಸದ ಮೇಷ್ಟರನ್ನು ಕೇಳಿದಿರಾದ್ದರಿಂದ ಉತ್ತರ ಕೊಂಚ ಉದ್ದವಾದರೆ ಮನ್ನಿಸಬೇಕು.

ಮೊದಲನೆಯದಾಗಿ, ಈ ಹವ್ಯಾಸ ಹೊಸದೇನೂ ಅಲ್ಲ. ಪಾಲಿ ಭಾಷೆಯ ಮಜ್ಝಿಮ ನಿಕಾಯದಲ್ಲಿ ‘ಭಯಭೇರವ ಸುತ್ತ’ ಎಂಬುದೊಂದಿದೆ. ಜಾಣುಸ್ಸೋಣಿ ಎಂಬ ಬ್ರಾಹ್ಮಣನಿಗೆ ಬುದ್ಧನು ತನ್ನ ಹಿಂದಿನ ದಿನಗಳನ್ನು ಅದರಲ್ಲಿ ವಿವರಿಸುತ್ತಾನೆ. ಜ್ಞಾನೋದಯಕ್ಕೆ ಮುಂಚೆ ಅವನು ಪಕ್ಷದ ಅಷ್ಟಮಿ, ಚತುರ್ದಶಿ, ಪಂಚದಶಿಯ ರಾತ್ರಿಗಳನ್ನೇ ಆರಿಸಿಕೊಂಡು, ಜನ ಕಾಲಿಡಲು ಅಂಜುತ್ತಿದ್ದ ತೋಪಿನ ಚೈತ್ಯ, ಕಾಡಿನ ಚೈತ್ಯ, ಮರದಡಿಯ ಚೈತ್ಯಗಳಿಗೆ ಹೋಗಿ ಉಳಿಯುತ್ತಿದ್ದನಂತೆ. ಮೃಗವೊಂದು ಹತ್ತಿರ ಸುಳಿಯುತ್ತಿತ್ತು, ನವಿಲು ಕಡ್ಡಿಯೊಂದನ್ನು ಮುರಿದು ಕೆಡವುತ್ತಿತ್ತು, ಗಾಳಿ ತರಗೆಲೆಗಳನ್ನು ಸರಿಸುತ್ತಿತ್ತು. ‘ಇಗೋ, ಭಯ ಬಂದಿತು’ ಎಂದು ಅವನಿಗೆ ಅನಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಅವನು ಓಡಲಿಲ್ಲ. ನಡೆಯುತ್ತಿರುವಾಗ ಭಯ ಬಂದರೆ ನಡೆಯುತ್ತಲೇ, ಕುಳಿತಾಗ ಬಂದರೆ ಕುಳಿತೇ ಅದನ್ನು ಗೆದ್ದನು. ಭಯವೆಂಬುದು ಎಲ್ಲಿಂದ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ತನ್ನ ಮೇಲೆಯೇ ಪ್ರಯೋಗ ಮಾಡಿ ಕಂಡುಕೊಂಡವನ ಮಾತು ಇದು.

ಇನ್ನೊಂದು ಕಥೆ ರೋಮಿನದು. ಕ್ರಿಸ್ತಶಕದ ಮೊದಲನೆಯ ಶತಮಾನದ ಕೊನೆ ಮತ್ತು ಎರಡನೆಯದರ ಮೊದಲಲ್ಲಿ ಬದುಕಿದ್ದ ಕಿರಿಯ ಪ್ಲಿನಿ ತನ್ನ ಗೆಳೆಯ ಸುರನಿಗೆ ಬರೆದ ಪತ್ರದಲ್ಲಿ ಅಥೆನೊಡೋರಸ್ ಎಂಬ ತತ್ತ್ವಜ್ಞಾನಿಯ ಸಂಗತಿ ಬರುತ್ತದೆ. ಅಥೆನ್ಸ್ ನಗರದಲ್ಲಿ ರಾತ್ರಿಯೆಲ್ಲ ಸರಪಳಿಯ ಸಪ್ಪಳ ಕೇಳಿಸುವ ಪಾಳುಮನೆಯೊಂದನ್ನು ಆತ ಬೇಕೆಂದೇ ಬಾಡಿಗೆಗೆ ಹಿಡಿದನು. ದೀಪ ಹಚ್ಚಿಕೊಂಡು ಬರೆಯುತ್ತ ಕುಳಿತಾಗ ಮುದುಕನ ಆಕೃತಿಯೊಂದು ಬಂದು ಕೈಸನ್ನೆ ಮಾಡಿತು. ‘ಸ್ವಲ್ಪ ತಡೆ’ ಎಂದು ಇವನೂ ಕೈಸನ್ನೆ ಮಾಡಿ ಬರವಣಿಗೆ ಮುಂದುವರಿಸಿದನು! ಆಮೇಲೆ ಹಿಂದೆ ಹೋದಾಗ ಆಕೃತಿ ಅಂಗಳದಲ್ಲಿ ಮಾಯವಾಯಿತು. ಆ ಜಾಗಕ್ಕೆ ಹುಲ್ಲು, ಎಲೆಗಳ ಗುರುತಿಟ್ಟು, ಮರುದಿನ ಅಧಿಕಾರಿಗಳನ್ನು ಕರೆಸಿ ಅಗೆಸಿದಾಗ ಸರಪಳಿ ಸುತ್ತಿದ ಎಲುಬುಗಳು ಸಿಕ್ಕವು. ಅವುಗಳಿಗೆ ವಿಧಿವತ್ತಾಗಿ ಸಂಸ್ಕಾರವಾದ ಮೇಲೆ ಮನೆ ಶಾಂತವಾಯಿತಂತೆ. ಕಥೆಯನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗೆ ಹಿಡಿಸಿದ್ದು ಆ ಮನುಷ್ಯನ ಕ್ರಮ. ದೀಪವಿರಲಿ, ಬರೆಯುವ ಹಲಗೆಯಿರಲಿ, ಅವಸರ ಬೇಡ, ಗುರುತಿಟ್ಟು ಹಗಲಾಗುವ ತನಕ ಕಾಯಬೇಕು, ನೆಲವನ್ನು ಅಗೆಯುವುದಾದರೆ ಅಧಿಕಾರವಿದ್ದವರೇ ಅಗೆಯಬೇಕು.

ಈ ಕ್ರಮವನ್ನು ನಾನೂ ಒಮ್ಮೆ ಪರೀಕ್ಷಿಸಿದ್ದುಂಟು. 1989ರ ಬೇಸಿಗೆ. ಆಗ ಭೀಮಾ ನದಿಯ ಸೀಮೆಯ ಹಳ್ಳಿಯೊಂದರಲ್ಲಿ ನೌಕರಿ. ಊರ ಅಂಚಿನಲ್ಲಿ ಎರಡಂತಸ್ತಿನ ಹಾಳು ವಾಡೆಯೊಂದಿತ್ತು. ಮಾಲೀಕರ ಮನೆತನ ಎಂದೋ ಊರು ಬಿಟ್ಟಿತ್ತು. “ರಾತ್ರಿ ಅಲ್ಲಿ ಗೆಜ್ಜಿ ಸಪ್ಪಳ ಕೇಳ್ತದ್ರಿ ಸರ್, ಹೋಗಬ್ಯಾಡ್ರಿ” ಎಂದು ಹತ್ತನೆಯ ತರಗತಿಯ ಹುಡುಗರೇ ಗಾಬರಿಯಿಂದ ಹೇಳುತ್ತಿದ್ದರು. ಹಾಗಾದರೆ ನೋಡಿಯೇಬಿಡೋಣವೆಂದು ನಾವು ಮೂವರು ಶಿಕ್ಷಕರು ಒಂದು ಕಂದೀಲು, ರೊಟ್ಟಿ ಶೇಂಗಾ ಹಿಂಡಿಯ ಬುತ್ತಿ, ತಲೆಗೊಂದು ನೋಟುಪುಸ್ತಕ ಹಿಡಿದುಕೊಂಡು ಹೊರಟೆವು. ಏನೇ ಕೇಳಿದರೂ ಹೊತ್ತು ಮತ್ತು ದಿಕ್ಕನ್ನು ಬರೆದಿಡಬೇಕು, ಬೆಳಗಾಗುವವರೆಗೆ ಒಬ್ಬರ ಬರಹವನ್ನು ಇನ್ನೊಬ್ಬರು ನೋಡಕೂಡದು ಎಂಬ ಕರಾರು ಮಾಡಿಕೊಂಡಿದ್ದೆವು.

ಸಪ್ಪಳಗಳಿಗೇನೂ ಕೊರತೆಯಿರಲಿಲ್ಲ. ಹಗಲೆಲ್ಲ ಬಿಸಿಲುಂಡು ಹಿಗ್ಗಿದ್ದ ಫರಸಿಯೂ ತೊಲೆಗಳೂ ರಾತ್ರಿ ತಣ್ಣಗಾಗುತ್ತ ಕುಗ್ಗುವಾಗ ‘ಟಪ್’ ಎಂದು ಸಿಡಿಯುತ್ತಿದ್ದವು. ತೊಲೆಯ ಸಂದಿನಲ್ಲಿ ಗೂಬೆಯೊಂದು ಮುದುಕರ ಗೊರಕೆಯಂತೆ ಸದ್ದು ಮಾಡುತ್ತಿತ್ತು. ಗೆಜ್ಜೆಯ ಸಪ್ಪಳವೂ ಕೇಳಿತು, ಸುಳ್ಳು ಹೇಳಲಾರೆ. ಅದರ ಬೆನ್ನು ಹತ್ತಿ ಹೋದರೆ ಹಿಂದಿನ ಓಣಿಯ ಕೊಟ್ಟಿಗೆಯಲ್ಲಿ ಎತ್ತು ಕೊರಳು ಅಲ್ಲಾಡಿಸುತ್ತಿತ್ತು. ವಾಡೆಯ ಬರಿಯ ಗೋಡೆಗಳು ಆ ದನಿಯನ್ನು ನಮ್ಮ ಪಕ್ಕದಲ್ಲಿಯೇ ಕೇಳಿಸಿದಂತೆ ಮಾಡುತ್ತಿದ್ದವು. ಬೆಳಿಗ್ಗೆ ಪುಸ್ತಕಗಳನ್ನು ಹೋಲಿಸಿದಾಗ ಒಂದು ಮೋಜು ಕಂಡಿತು. ನಾವಿಬ್ಬರು ಗೆಜ್ಜೆಯ ಸಪ್ಪಳವನ್ನು ಎರಡು ಸಲ ಬರೆದಿದ್ದರೆ, ಅದೇ ಊರಿನಲ್ಲಿ ಹುಟ್ಟಿ ಚಿಕ್ಕಂದಿನಿಂದ ಆ ಕಥೆ ಕೇಳಿ ಬೆಳೆದಿದ್ದ ಮೂರನೆಯವರು ಏಳು ಸಲ ಬರೆದಿದ್ದರು! ಕಿವಿ ಕೇಳುವುದಕ್ಕೆ ಮೊದಲೇ ಮನಸ್ಸು ಕೇಳಿರುತ್ತದೆ ಎಂಬ ಪಾಠವನ್ನು ನನ್ನ ಬಿ.ಎಡ್. ತರಬೇತಿಯ ಮನಶ್ಶಾಸ್ತ್ರದ ಪುಸ್ತಕಕ್ಕಿಂತ ಆ ನೋಟುಪುಸ್ತಕವೇ ಚೆನ್ನಾಗಿ ಕಲಿಸಿತು. ಊರಿನ ಅಜ್ಜಿಯೊಬ್ಬರು ಮಾತ್ರ ಒಪ್ಪಲಿಲ್ಲ. “ಓದಿದ ಮಂದಿಗಿ ದೆವ್ವನೇ ಅಂಜತದ, ನಿಮಗ್ಹ್ಯಾಂಗ ಕಾಣಬೇಕ್ರಿ ಮಾಸ್ತರ್?” ಎಂದು ನಕ್ಕುಬಿಟ್ಟರು.

ಆ ರಾತ್ರಿ ನಮ್ಮನ್ನು ನಿಜವಾಗಿ ಬೆಚ್ಚಿಸಿದ್ದು ಬೇರೆಯೇ ಒಂದು ನೋಟ. ಒಳಕೋಣೆಯ ಫರಸಿಯನ್ನು ಕಿತ್ತು ಹೊಸದಾಗಿ ಅಗೆದ ಆಳುದ್ದದ ಕುಣಿ, ಅದರ ದಂಡೆಗೆ ಕೊಯ್ದ ನಿಂಬೆಹಣ್ಣು, ಕುಂಕುಮ. ನಿಧಿಯಾಸೆಯವರು ಬಂದುಹೋಗಿದ್ದರು. ದೆವ್ವದ ಸುದ್ದಿ ಹಬ್ಬಿದ್ದರಿಂದ ರಾತ್ರಿ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಅಗೆಯುವವರಿಗೆ ಅದಕ್ಕಿಂತ ಒಳ್ಳೆಯ ಕಾವಲು ಬೇಕೆ? ದೆವ್ವದ ಕಥೆಯೂ ನಿಧಿಯ ಕಥೆಯೂ ನಮ್ಮ ಸೀಮೆಯಲ್ಲಿ ಅವಳಿ ಮಕ್ಕಳೆಂಬುದು ನನಗೆ ಅಂದು ತಿಳಿಯಿತು.

ಇಂಥ ಅನುಭವಗಳಿಗೆ ವಿಜ್ಞಾನಿಗಳೂ ಕಾರಣ ಹುಡುಕಿದ್ದಾರೆ. ಇಂಗ್ಲೆಂಡಿನ ವಿಕ್ ಟ್ಯಾಂಡಿ ಎಂಬ ಎಂಜಿನಿಯರರು ತಮ್ಮ ಪ್ರಯೋಗಶಾಲೆಯಲ್ಲಿ ರಾತ್ರಿ ಒಬ್ಬರೇ ಇದ್ದಾಗ ಮೈ ಬೆವತು, ಕಣ್ಣಂಚಿನಲ್ಲಿ ಬೂದುಬಣ್ಣದ ಆಕೃತಿಯೊಂದನ್ನು ಕಂಡರು. ಮರುದಿನ ಹಿಡಿಕೆಯಲ್ಲಿ ಸಿಕ್ಕಿಸಿದ್ದ ಕತ್ತಿವರಸೆಯ ಅಲಗು ತಾನಾಗಿ ಕಂಪಿಸುವುದನ್ನು ಕಂಡು ಬೆನ್ನುಹತ್ತಿದಾಗ, ಹೊಸದಾಗಿ ಕೂಡಿಸಿದ್ದ ಫ್ಯಾನೊಂದು ಸೆಕೆಂಡಿಗೆ ಸುಮಾರು 19 ಕಂಪನಗಳ, ಕಿವಿಗೆ ಕೇಳಿಸದ ನಾದವನ್ನು ಹೊರಡಿಸುತ್ತಿತ್ತು. 1998ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎಲ್ಲ ದೆವ್ವಗಳಿಗೂ ಇದೊಂದೇ ಉತ್ತರವಲ್ಲ. ಆದರೆ ಓಡಿಹೋಗದೆ ಮರುದಿನ ಅದೇ ಕೋಣೆಗೆ ಮರಳಿದ್ದರಿಂದಲೇ ಅವರಿಗೆ ಉತ್ತರ ಸಿಕ್ಕಿತು.

ಈಗ ಸನ್ನತಿಗೆ ಬರೋಣ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ತೀರದ ಈ ಊರನ್ನು ಚಂದ್ರಲಾಂಬೆಯ ಕ್ಷೇತ್ರವೆಂದು ನೀವೆಲ್ಲ ಬಲ್ಲಿರಿ. 1986ರಲ್ಲಿ ಅಲ್ಲಿನ ಗುಡಿಯ ಆವರಣದ ಕಾಳಿಕಾ ಗುಡಿಯ ಛಾವಣಿ ಕುಸಿದು ವಿಗ್ರಹ ಭಗ್ನವಾಯಿತು. ದೇವಿಯ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಎರಡೂ ಬದಿಗೆ ಬ್ರಾಹ್ಮಿ ಲಿಪಿ! ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಅಶೋಕನ ಶಾಸನಗಳವು. ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಗಲ್ಲು ಶಾಸನಗಳು ಒಂದು ಬದಿಗೆ. ಅದುವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಎರಡು ಪ್ರತ್ಯೇಕ ಕಳಿಂಗ ಶಾಸನಗಳು ಇನ್ನೊಂದು ಬದಿಗೆ. ವಿಗ್ರಹವನ್ನು ಕೂಡಿಸಲು ಹಿಂದೆ ಎಂದೋ ಕಲ್ಲಿನ ನಡುವೆ ರಂಧ್ರ ಕೊರೆದಿದ್ದರಿಂದ ಅಲ್ಲಿನ ಅಕ್ಷರಗಳು ಶಾಶ್ವತವಾಗಿ ಹೋಗಿವೆ.

ಸನಿಹದ ಕನಗನಹಳ್ಳಿಯಲ್ಲಿ 1994ರಿಂದ ಕೆಲವು ವರ್ಷ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಉತ್ಖನನ ನಡೆಸಿದಾಗ ಶಾತವಾಹನರ ಕಾಲದ ಮಹಾಸ್ತೂಪವೇ ಹೊರಬಂದಿತು. ಅದರ ಶಾಸನಗಳಲ್ಲಿ ಅದಕ್ಕೆ ‘ಅಧೋಲೋಕ ಮಹಾಚೈತ್ಯ’ವೆಂದು ಹೆಸರು. ಅಥೆನೊಡೋರಸನ ಕಥೆಯನ್ನು ಪ್ಲಿನಿ ಬರೆಯುತ್ತಿದ್ದ ಶತಮಾನಗಳಲ್ಲಿ ಇಲ್ಲಿ ಶಿಲ್ಪಿಗಳು ಸುಣ್ಣಕಲ್ಲಿನ ಫಲಕಗಳನ್ನು ಕೆತ್ತುತ್ತಿದ್ದರು ಎಂಬುದನ್ನು ನೆನೆಯಿರಿ. ಅಂಥ ಒಂದು ಫಲಕದಲ್ಲಿ ರಾಣಿ, ಪರಿಚಾರಿಕೆಯರೊಡನೆ ರಾಜನೊಬ್ಬ ನಿಂತಿದ್ದಾನೆ. ಜೊತೆಗೆ ‘ರಾಯೋ ಅಸೋಕೋ’ ಎಂಬ ಬರಹ. ಹೆಸರು ಕೊರೆದಿರುವ ಅಶೋಕನ ಶಿಲ್ಪ ಸಿಕ್ಕದ್ದು ನಮ್ಮ ತಾಲ್ಲೂಕಿನ ಮಣ್ಣಿನಲ್ಲಿ.

ಇಷ್ಟೆಲ್ಲ ನಮಗೆ ದಕ್ಕಿದ್ದು ಹೇಗೆಂದು ಯೋಚಿಸಿ. ಪ್ರತಿಯೊಂದು ತುಂಡು ಕಲ್ಲು ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತೆಂದು ಹಗಲು ಬೆಳಕಿನಲ್ಲಿ ಬರೆದಿಟ್ಟದ್ದರಿಂದ. ನಿಧಿಗಳ್ಳನು ಒಂದು ರಾತ್ರಿ ಹಾರೆ ಹಾಕಿದರೆ ಈ ಸಂಬಂಧಗಳೆಲ್ಲ ಕಲಸಿಹೋಗುತ್ತವೆ. ಆಮೇಲೆ ಯಾವ ಪಂಡಿತನೂ ಅವುಗಳನ್ನು ಸರಿಪಡಿಸಲಾರ. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನು ನಿಧಿಯಾಸೆಗೆ ಒಡೆದುಹಾಕಿದ್ದು ನಿಮಗೆ ನೆನಪಿರಬಹುದು. ರಾತ್ರಿ ನದಿಯ ನಡುಗಡ್ಡೆಗೆ ಹೋಗಿ ಸಮಾಧಿಯನ್ನು ಅಗೆದವರಿಗೆ ದೆವ್ವದ ಅಂಜಿಕೆಯೂ ಇರಲಿಲ್ಲ, ದೇವರ ಅಂಜಿಕೆಯೂ ಇರಲಿಲ್ಲ.

ಆದ್ದರಿಂದಲೇ ಸಂರಕ್ಷಿತ ಸ್ಮಾರಕಗಳಲ್ಲಿ ಸಾಮಾನ್ಯವಾಗಿ ಸೂರ್ಯಾಸ್ತದ ನಂತರ ಪ್ರವೇಶವಿಲ್ಲ. ರಾಜಸ್ಥಾನದ ಭಾನಗಢ ಕೋಟೆಯ ಮುಂದೆ ಇಲಾಖೆ ಹಾಕಿರುವ ಇಂಥದೇ ಫಲಕವನ್ನು ತೋರಿಸಿ, ‘ನೋಡಿ, ಸರಕಾರವೇ ದೆವ್ವವನ್ನು ಒಪ್ಪಿಕೊಂಡಿದೆ’ ಎನ್ನುವವರಿದ್ದಾರೆ. ಸ್ಮಾರಕಗಳು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರಬೇಕೆಂಬುದು 1959ರ ನಿಯಮಾವಳಿಯಲ್ಲಿಯೇ ಇರುವ ಮಾತು. ಅದು ಕಲ್ಲನ್ನು ಮನುಷ್ಯರಿಂದ ಕಾಪಾಡುವ ಏರ್ಪಾಡು.

ಇನ್ನೊಂದು ಮಾತು. ಕತ್ತಲೆಯ ಅಂಜಿಕೆ ಪಾಳುಗೋಡೆಗಳ ನಡುವೆಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಸೇಡಂ, ಚಿಂಚೋಳಿಯ ಕಡೆಯವರಿಗೆ ಭಾನಾಮತಿಯ ಹೆಸರನ್ನು ಹೇಳಿಕೊಡಬೇಕಾಗಿಲ್ಲ. ಮನೆಯ ಮೇಲೆ ಕಲ್ಲು ಬಿದ್ದರೆ, ಬಟ್ಟೆಗೆ ಬೆಂಕಿ ಹತ್ತಿದರೆ, ಹೆಣ್ಣುಮಕ್ಕಳು ಮೈಮೇಲೆ ಬಂದಂತೆ ಕೂಗಿದರೆ ಊರಿನಲ್ಲಿ ‘ಯಾರು ಮಾಡಿಸಿದರು?’ ಎಂಬ ಹುಡುಕಾಟ ತೊಡಗುತ್ತಿತ್ತು. ಬೆರಳು ಕೊನೆಗೆ ತೋರುತ್ತಿದ್ದುದು ಹೇಳುವವರು ಕೇಳುವವರು ಇಲ್ಲದ ಬಡವರ ಕಡೆಗೆ, ವಿಧವೆಯರ ಕಡೆಗೆ. ಪೆಟ್ಟು ತಿಂದವರು ಅವರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿದರು. ಭಾನಾಮತಿಯ ವಿಚಾರಣೆಯಲ್ಲಿಯೂ ಮುಂದೆ ನಿಂತರು. ಪ್ರಶ್ನಿಸದೆ ಒಪ್ಪಬೇಡಿ ಎಂಬುದು ಅವರ ಬದುಕಿನ ನಿಲುವಾಗಿತ್ತು. ನಮ್ಮ ರಾಜ್ಯದಲ್ಲಿ 2017ರಲ್ಲಿ ರೂಪುಗೊಂಡು 2020ರಲ್ಲಿ ಜಾರಿಗೆ ಬಂದ ಕಾನೂನು ಭಾನಾಮತಿಯ ಹೆಸರಿನ ಹಿಂಸೆಯನ್ನೂ, ನಿಧಿಶೋಧದ ಹೆಸರಿನ ಅಮಾನುಷ ಮಾಟವನ್ನೂ ಅಪರಾಧವೆಂದು ಸಾರಿದೆ. ನಾನು ಮೇಲೆ ಹೇಳಿದ ಅವಳಿ ಮಕ್ಕಳನ್ನು ಕಾನೂನೂ ಒಟ್ಟಿಗೇ ಗುರುತಿಸಿದೆ.

ಆದುದರಿಂದ ನನ್ನ ಉತ್ತರವಿಷ್ಟು. ಸನ್ನತಿಗೆ ಅವಶ್ಯವಾಗಿ ಹೋಗಿರಿ, ಹಗಲಿನಲ್ಲಿ ಹೋಗಿರಿ, ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಕನಗನಹಳ್ಳಿಯ ಸ್ತೂಪ ಬಹಳ ವರ್ಷ ಬಯಲಿನಲ್ಲಿ ಬಿದ್ದಿದ್ದು, 2022ರಿಂದ ಅದರ ಜೀರ್ಣೋದ್ಧಾರದ ಕೆಲಸ ಆರಂಭವಾಯಿತು. ಅಲ್ಲಿನ ಕಲ್ಲುಗಳನ್ನು ಮುಟ್ಟದೆ, ಕದಲಿಸದೆ ನೋಡಿರಿ. ನಿಮ್ಮ ನಿಮ್ಮ ಊರಿನ ಹಾಳು ವಾಡೆಯ ಕಥೆಗಳಿದ್ದರೆ ನನಗೆ ಬರೆದು ಕಳಿಸಿರಿ. ಕೇಳಿದ್ದೆಷ್ಟು, ಕಂಡದ್ದೆಷ್ಟು ಎಂಬುದನ್ನು ಮಾತ್ರ ಬೇರೆ ಬೇರೆ ಬರೆಯಿರಿ.

ಕಳಿಂಗ ಯುದ್ಧದಲ್ಲಿ ಲಕ್ಷಾಂತರ ಜನರ ಸಾವುನೋವಿಗೆ ಕಾರಣನಾದ ದೊರೆ ಆ ಎರಡು ಪ್ರತ್ಯೇಕ ಶಾಸನಗಳಲ್ಲಿ ಎಲ್ಲ ಜನರನ್ನೂ ತನ್ನ ಮಕ್ಕಳೆಂದು ಕರೆಯುತ್ತಾನೆ. ಎರಡನೆಯದರಲ್ಲಿ ಗಡಿಯಾಚೆಯ ಜನರ ಬಗೆಗೆ ತನ್ನ ಅಧಿಕಾರಿಗಳಿಗೆ ಅಪ್ಪಣೆ ಕೊಡುತ್ತಾನೆ. ಅವರು ನನಗೆ ಅಂಜದಿರಲಿ, ನನ್ನಿಂದ ಅವರಿಗೆ ಸುಖವೇ ಹೊರತು ದುಃಖವಾಗದೆಂಬ ಭರವಸೆ ಅವರಲ್ಲಿ ಹುಟ್ಟಲಿ ಎಂಬುದು ಅದರ ಆಶಯ. ಅಂಜಬೇಡಿರೆಂಬ ಈ ಮಾತನ್ನು ಹೊತ್ತ ಕಲ್ಲು ನಮ್ಮ ಸನ್ನತಿಯಲ್ಲಿ ಶತಮಾನಗಳ ಕಾಲ, ಯಾರೂ ಓದದಂತೆ, ಕತ್ತಲೆಯಲ್ಲಿ ಅಡಗಿತ್ತು.