ಗಡಿ ದಾಟಿದ ರಂಜನೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಪ್ರದರ್ಶನ ಕಲೆಗಳ ಸಾಮಾಜಿಕ ಪ್ರಯೋಜನ

ಚಾಮರಾಜನಗರ ಹಾಗೂ ಗುಂಡ್ಲುಪೇಟೆ ತಾಲ್ಲೂಕುಗಳ ಚರಿತ್ರೆಯನ್ನು ಬರೆಯುವಾಗ ಶಾಸನ, ದೇವಾಲಯ, ಅರಸು ಮನೆತನಗಳಿಗೆ ದೊರೆತಿರುವ ಸ್ಥಾನ ಜನಸಾಮಾನ್ಯರ ರಂಜನೆಯ ಕಲೆಗಳಿಗೆ ದೊರೆತಿಲ್ಲ. ಅವುಗಳನ್ನು ಒಂದೋ ಭಕ್ತಿಯ ಅಂಗವೆಂದು, ಇಲ್ಲವೇ ಬಿಡುವಿನ ವೇಳೆಯ ವಿನೋದವೆಂದು ಬಗೆಯುವುದೇ ವಾಡಿಕೆ. ಈ ಕಲೆಗಳಿಂದ ಸಮಾಜಕ್ಕೆ ಒದಗಿದ ಪ್ರಯೋಜನವೇನು ಎಂಬುದನ್ನು ಆಡಳಿತಾತ್ಮಕ ಗಡಿಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1799ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಕೊಯಮತ್ತೂರು ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನದಲ್ಲಿ ಉಳಿದರೆ, ನೆರೆಯ ಕೊಳ್ಳೇಗಾಲ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರವರೆಗೆ ಈ ವಿಭಜನೆ ಮುಂದುವರಿಯಿತು. ಈ ಸೀಮೆಯ ಎರಡು ಪ್ರಮುಖ ಜನಪದ ಪರಂಪರೆಗಳ ಕೇಂದ್ರಗಳಾದ ಮಲೆ ಮಹದೇಶ್ವರ ಬೆಟ್ಟ ಮತ್ತು ಚಿಕ್ಕಲ್ಲೂರು ಇದ್ದುದು ಆ ಕೊಳ್ಳೇಗಾಲ ತಾಲ್ಲೂಕಿನಲ್ಲಿಯೇ. ಆದ್ದರಿಂದ ಸಂಸ್ಥಾನದ ಒಕ್ಕಲುಗಳು ಹರಕೆ ಹೊತ್ತು ಜಾತ್ರೆಗೆ ಹೊರಟರೆ ರಾಜ್ಯದ ಗಡಿಯನ್ನೇ ದಾಟಬೇಕಾಗಿತ್ತು.

ಗಡಿಯ ಇಬ್ಬದಿಯ ಜನರನ್ನು ಒಂದೇ ಕಥೆಯ ಕೇಳುಗರನ್ನಾಗಿಸಿದವರು ವೃತ್ತಿಗಾಯಕರು. ಕಂಸಾಳೆ ಹಿಡಿದ ದೇವರಗುಡ್ಡರು ಮಹದೇಶ್ವರ ಕಾವ್ಯವನ್ನೂ, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನೂ ರಾತ್ರಿಯಿಡೀ ಹಾಡುತ್ತಿದ್ದರು. ಸಂಕಮ್ಮ, ಇಕ್ಕೇರಿ ದೇವಮ್ಮ, ಶ್ರವಣ ಮುಂತಾದವರ ಕಥಾನಕಗಳಲ್ಲಿ ಹಾಸ್ಯ, ಶೋಕ, ವಾದ, ಪವಾಡಗಳೆಲ್ಲವೂ ಬೆರೆತಿವೆ. ಮಂಟೇಸ್ವಾಮಿ ಕಾವ್ಯದ ಭೂಗೋಳವಂತೂ ಗಮನಾರ್ಹವಾದುದು. ಸಿದ್ಧಪ್ಪಾಜಿಯು ಕಬ್ಬಿಣದ ಭಿಕ್ಷೆ ಬೇಡಿದ ಹಲಗೂರು ಮತ್ತು ಪರಂಪರೆಯ ಮಠವಿರುವ ಬೊಪ್ಪೇಗೌಡನಪುರ ಮೈಸೂರು ಸಂಸ್ಥಾನದಲ್ಲಿದ್ದವು. ಅವನ ಗದ್ದುಗೆಯ ಚಿಕ್ಕಲ್ಲೂರು ಮದರಾಸು ಪ್ರಾಂತ್ಯದಲ್ಲಿತ್ತು. ಕಂದಾಯದ ನಕ್ಷೆ ಬೇರ್ಪಡಿಸಿದ ಊರುಗಳನ್ನು ಕಾವ್ಯವು ಒಂದೇ ಕಥನದಲ್ಲಿ ಕೂಡಿಸಿಟ್ಟಿತು. ಅಕ್ಷರ ಬಾರದ ಕೇಳುಗರಿಗೆ ಇದು ಮನರಂಜನೆಯೂ ಹೌದು, ಭಾಷೆಯ ಶಿಕ್ಷಣವೂ ಹೌದು.

ಕಂಪನಿ ನಾಟಕಗಳು ಇದೇ ಕಾರ್ಯವನ್ನು ಇನ್ನೊಂದು ಬಗೆಯಲ್ಲಿ ನೆರವೇರಿಸಿದವು. 1884ರಲ್ಲಿ ಸ್ಥಾಪನೆಗೊಂಡ ಗುಬ್ಬಿ ಕಂಪನಿಯಲ್ಲಿ ನಟರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಕೊಳ್ಳೇಗಾಲ ತಾಲ್ಲೂಕಿನವರು. ಅವರ ಪುತ್ರ ಮುತ್ತುರಾಜ್ 1929ರ ಏಪ್ರಿಲ್ 24ರಂದು ಜನಿಸಿದ ಗಾಜನೂರೂ ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಪ್ರಾಥಮಿಕ ಹಂತದಲ್ಲೇ ಶಾಲೆ ತೊರೆದ ಈ ಬಾಲಕನಿಗೆ ಉಚ್ಚಾರಣೆ, ಸಂಗೀತ, ಪುರಾಣಜ್ಞಾನಗಳನ್ನು ಕಲಿಸಿದ್ದು ರಂಗಭೂಮಿ. 1954ರ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ಎಂದು ಹೆಸರಾದ ಅವರ ಮಾತುಗಾರಿಕೆಯನ್ನು ಕನ್ನಡ ನಾಡು ಮಾದರಿಯೆಂದು ಸ್ವೀಕರಿಸಿತು. ಸಂಸ್ಥಾನದ ಹೊರಗೆ ಹುಟ್ಟಿದ, ಶಾಲಾ ಶಿಕ್ಷಣ ಮೊಟಕಾದ ವ್ಯಕ್ತಿಯೊಬ್ಬರಿಗೆ ಇದು ಸಾಧ್ಯವಾದುದಕ್ಕೆ ವೃತ್ತಿರಂಗಭೂಮಿಯೇ ಮುಖ್ಯ ಕಾರಣ.

ಹಾಗೆಂದು ಈ ಕಲಾವಿದರು ಏಕೀಕರಣದ ಧ್ಯೇಯವನ್ನಿಟ್ಟುಕೊಂಡು ಹಾಡಿದರು, ಅಭಿನಯಿಸಿದರು ಎಂದು ಹೇಳುವುದು ಅತಿಶಯೋಕ್ತಿಯಾದೀತು. ಹರಕೆ, ಜೀವನೋಪಾಯ, ಜನರ ಮೆಚ್ಚುಗೆ ಇವೇ ಅವರ ಪ್ರೇರಣೆಗಳು. ಆದರೆ ಏಕೀಕರಣದ ಚರಿತ್ರೆಯನ್ನು ಸಂಘ, ಸಮ್ಮೇಳನ, ಪತ್ರಿಕೆಗಳಿಗಷ್ಟೇ ಸೀಮಿತಗೊಳಿಸಿದಲ್ಲಿ, ಅವು ತಲುಪದ ಹಳ್ಳಿಗಳಲ್ಲಿ ಭಾಷಾಬಾಂಧವ್ಯ ಉಳಿದು ಬಂದ ಬಗೆಯನ್ನು ವಿವರಿಸಲಾಗದು. ರಂಜನೆಯು ಕೇಳುಗರಿಂದ ಓದುಬರಹವನ್ನು ಅಪೇಕ್ಷಿಸಲಿಲ್ಲ. ಜನರು ಸ್ವ‌ಇಚ್ಛೆಯಿಂದಲೇ ಅದರತ್ತ ಬಂದರು. ಅದರ ಶಕ್ತಿ ಇರುವುದು ಇಲ್ಲಿಯೇ.

1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯವನ್ನು ಸೇರಿತು. ಗಾಜನೂರು ಇರುವ ತಾಳವಾಡಿ ಪ್ರದೇಶ ಮದರಾಸಿನಲ್ಲಿಯೇ ಉಳಿಯಿತು. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದಾಗ ಕೊಳ್ಳೇಗಾಲ, ಗುಂಡ್ಲುಪೇಟೆಗಳು ಅದರ ಭಾಗಗಳಾದವು. ಕಲೆಗಳ ಮೂಲಕ ಮೊದಲೇ ಏರ್ಪಟ್ಟಿದ್ದ ನಂಟಿಗೆ ಆಡಳಿತವು ತಡವಾಗಿ ಮುದ್ರೆಯೊತ್ತಿತು ಎನ್ನಬಹುದು.

ಇಂದು ಬೀಸು ಕಂಸಾಳೆಯು ಉತ್ಸವಗಳ ವೇದಿಕೆಯಲ್ಲಿ ಕೆಲವೇ ನಿಮಿಷಗಳ ಕುಣಿತವಾಗಿ ಜನಪ್ರಿಯವಾಗಿದೆ. ಕಲಾವಿದರಿಗೆ ಇದರಿಂದ ಮನ್ನಣೆ ದೊರೆತಿರುವುದು ನಿಜ. ಆದರೆ ಕುಣಿತ ಉಳಿದು ಕಥನ ಹಿಂದೆ ಸರಿದಲ್ಲಿ, ಊರೂರುಗಳನ್ನು ಬೆಸೆದಿದ್ದ ಎಳೆಯೇ ಕಡಿದುಹೋಗುತ್ತದೆ. ಕಾವ್ಯಗಳ ಪಠ್ಯಗಳು ಸಂಪಾದನೆಗೊಂಡು ಪ್ರಕಟವಾಗಿವೆ. ಗಾಯಕರು ಸಂಚರಿಸಿದ ದಾರಿಗಳನ್ನೂ, ಅವರನ್ನು ಬರಮಾಡಿಕೊಂಡ ಒಕ್ಕಲುಗಳ ನೆನಪುಗಳನ್ನೂ ತಾಳವಾಡಿಯನ್ನು ಒಳಗೊಂಡಂತೆ ದಾಖಲಿಸಿದಾಗ ಮಾತ್ರ ಈ ಸೀಮೆಯ ಚರಿತ್ರೆ ಪೂರ್ಣಗೊಳ್ಳುತ್ತದೆ.